ಸುರಪುರದ ಟೇಲರ್ ಸಾಹೇಬ: ಬೇಟೆಯ ಕೋವಿಯಿಂದ ಒಂದು ರಿವಾಲ್ವರಿನವರೆಗೆ

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ಮಾರ್ಗವಾಗಿ ಉತ್ತರಕ್ಕೆ ಸಾಗುವ ಹೆದ್ದಾರಿಯು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಸುರಪುರವನ್ನು ಮುಟ್ಟುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಆಸುಪಾಸು ಇಂದು ಭತ್ತದ ಕಣಜವಾಗಿದೆ. ಒಂದೂ ಮುಕ್ಕಾಲು ಶತಮಾನದ ಹಿಂದೆ ಇಲ್ಲಿ ಕಾಲುವೆಯಿರಲಿಲ್ಲ. ಮಳೆಯನ್ನೇ ನಂಬಿದ ಎರೆಹೊಲ, ಬಂಡೆಗಲ್ಲಿನ ಗುಡ್ಡ, ಗುಡ್ಡದ ಗವಿಗಳಲ್ಲಿ ಚಿರತೆ ಮತ್ತು ಕರಡಿ, ಬಯಲಿನಲ್ಲಿ ಕೃಷ್ಣಮೃಗದ ಹಿಂಡು, ಇವೇ ಇಲ್ಲಿಯ ನೋಟವಾಗಿದ್ದವು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಬೀಡುಬಿಟ್ಟಿತ್ತು. ಕೃಷ್ಣೆಯ ಆಚೆಗೆ ಬೇಡರ ಸಂಸ್ಥಾನ ಸುರಪುರ.

ಈ ನಾಡಿನ ಇತಿಹಾಸದಲ್ಲಿ ಅಚ್ಚಳಿಯದ ಹೆಸರು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯದು. ಆತ ಸೈನಿಕ, ಆಡಳಿತಗಾರ, ಕಾದಂಬರಿಕಾರ, ಚಿತ್ರಕಾರ, ಪ್ರಾಚ್ಯ ಶೋಧಕ. ತನ್ನ ಕಾಲದ ಬಹುತೇಕ ಅಧಿಕಾರಿಗಳಂತೆ ಬೇಟೆಗಾರನೂ ಹೌದು. ಆತನ ಬದುಕು ಕೋವಿಗಳ ನಡುವೆಯೇ ಕಳೆಯಿತು. ಆದರೆ ಆತನಿಗೆ ಅತ್ಯಂತ ದೊಡ್ಡ ನೋವನ್ನು ತಂದದ್ದು ಬೇರೊಬ್ಬ ಅಧಿಕಾರಿಯ ಸೊಂಟಪಟ್ಟಿಯಲ್ಲಿದ್ದ ಒಂದು ರಿವಾಲ್ವರ್.

ವ್ಯಾಪಾರಕ್ಕೆ ಬಂದ ಬಾಲಕ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವರ್ತಕ. ವ್ಯಾಪಾರ ಕೈಕೊಟ್ಟಾಗ ಹದಿನೈದರ ಹರೆಯದ ಮಗನನ್ನು ಮುಂಬಯಿಯ ವ್ಯಾಪಾರಿ ಸಂಸ್ಥೆಯೊಂದರಲ್ಲಿ ದುಡಿಯಲು ಹಡಗು ಹತ್ತಿಸಲಾಯಿತು. 1824ರಲ್ಲಿ ಮುಂಬಯಿಗೆ ಬಂದಿಳಿದ ಹುಡುಗನಿಗೆ ಆ ಸಂಸ್ಥೆ ತಾನು ಕೇಳಿದ್ದಷ್ಟು ದೊಡ್ಡದಲ್ಲವೆಂಬುದು ಬಹುಬೇಗ ತಿಳಿಯಿತು. ಬಂಧುವೊಬ್ಬರ ಪ್ರಭಾವದಿಂದ ಅದೇ ವರ್ಷ ಆತನಿಗೆ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಹುದ್ದೆ ದೊರೆಯಿತು. ಆತ ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರನಾಗದೆ ನಿಜಾಮರ ನೌಕರನಾಗಿಯೇ ಬೆಳೆದ. ಈ ಕಾರಣದಿಂದ ಕಂಪನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ಬಡ್ತಿ, ಗೌರವಗಳು ಆತನಿಗೆ ತಡವಾಗಿಯೇ ಸಿಕ್ಕವು. ಜನರ ಭಾಷೆ ಮತ್ತು ನಡೆನುಡಿಗಳ ಪರಿಚಯ ಮಾತ್ರ ಬೇಗನೆ ಆಯಿತು.

ಸೈನ್ಯದಲ್ಲಿರುವಾಗಲೇ ಆತನಿಗೆ ಪೊಲೀಸ್ ಕೆಲಸದ ಹೊಣೆ ಬಂದಿತು. ದಾರಿಹೋಕರನ್ನು ನಂಬಿಸಿ ಕೊಲ್ಲುತ್ತಿದ್ದ ಠಕ್ಕರ ಜಾಲದ ಪರಿಚಯವೂ ಈ ದಿನಗಳಲ್ಲಿ ಆಯಿತು. ಆ ಅನುಭವವೇ 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯಾಗಿ ಲಂಡನ್ನಿನಲ್ಲಿ ಪ್ರಕಟವಾಗಿ, ರಾಣಿ ವಿಕ್ಟೋರಿಯಾಳವರೆಗೂ ಓದುಗರನ್ನು ಗಳಿಸಿತು. ಮರುವರ್ಷ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿ ಹೊರಬಂದಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದಿಂದ ಸುದ್ದಿಪತ್ರಗಳನ್ನು ಬರೆಯುವ ಕೆಲಸವನ್ನೂ ಆತ ದೀರ್ಘಕಾಲ ನಿರ್ವಹಿಸಿದ. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿ ಆತನ ಪತ್ನಿ.

ಬೇಟೆಗಾರನ ಆಯ್ಕೆ

ಆ ಕಾಲದ ಅಧಿಕಾರಿಗೆ ಬೇಟೆ ಮನರಂಜನೆಯೂ ಹೌದು, ಜಿಲ್ಲೆಯನ್ನು ಅರಿಯುವ ದಾರಿಯೂ ಹೌದು. ಹಳ್ಳಿಯ ದನಕರುಗಳನ್ನು ಹೊತ್ತೊಯ್ಯುವ ಚಿರತೆಯನ್ನು ಹೊಡೆಯುವುದು ಸಾಹೇಬನಿಂದ ಜನ ನಿರೀಕ್ಷಿಸುತ್ತಿದ್ದ ಕೆಲಸಗಳಲ್ಲಿ ಒಂದಾಗಿತ್ತು. ಟೇಲರ್ ತನ್ನ ಆತ್ಮಕಥೆಯಲ್ಲಿ ಬೇಟೆಯ ನೆನಪುಗಳಿಗೂ ಜಾಗ ಕೊಟ್ಟಿದ್ದಾನೆ.

ಆತ ಭಾರತಕ್ಕೆ ಬಂದಾಗ ರಿವಾಲ್ವರ್ ಎಂಬುದು ಸಾಮಾನ್ಯ ಬಳಕೆಯಲ್ಲಿ ಇರಲಿಲ್ಲ. ಚಕಮಕಿ ಕಲ್ಲಿನ ಬಂದೂಕು ಹಿಂದೆ ಸರಿದು ಕೇಪಿನ ಕೋವಿ ಮುಂದೆ ಬರುತ್ತಿದ್ದ ಕಾಲವದು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನಿಟ್ಟು, ಗಜದಿಂದ ಜಡಿದು, ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕಿತ್ತು. ನುರಿತ ಕೈಗೂ ಇದಕ್ಕೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಗಾಯಗೊಂಡ ಚಿರತೆ ಅಷ್ಟು ಹೊತ್ತು ಕಾಯುವ ಪ್ರಾಣಿಯಲ್ಲ. ಹೀಗಾಗಿ ಜೋಡುನಳಿಗೆ ಕೋವಿಯ ಜೊತೆಗೆ ಕೈಯಳತೆಯ ದೂರದಲ್ಲಿ ಉಪಯೋಗಕ್ಕೆ ಬರುವ ಭಾರವಾದ ಗಿಡ್ಡ ಪಿಸ್ತೂಲೊಂದನ್ನು ಬೇಟೆಗಾರರು ಇಟ್ಟುಕೊಳ್ಳುತ್ತಿದ್ದರು. ಆನೆಯ ಮೇಲಿನ ಅಂಬಾರಿಗೆ ಹುಲಿ ನೆಗೆದರೆ ಕೊನೆಯ ರಕ್ಷಣೆ ಇದೇ ಆದ್ದರಿಂದ ಅದಕ್ಕೆ ಅಂಬಾರಿ ಪಿಸ್ತೂಲು ಎಂದೇ ಹೆಸರು ಬಂದಿತು. ಎರಡು ನಳಿಗೆ, ಎರಡೇ ಗುಂಡು.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ತಿರುಗುವ ಗುಂಡುಕೋಶದ ಪಿಸ್ತೂಲಿಗೆ ಹಕ್ಕುಪತ್ರ ಪಡೆದ. 1847ರ ಆತನ ವಾಕರ್ ಮಾದರಿ ಸುಮಾರು 2 ಕಿಲೋ ತೂಗುತ್ತಿತ್ತು. ಅದನ್ನು ಸೊಂಟಕ್ಕಿಂತ ಕುದುರೆಯ ಜೀನಿಗೆ ಕಟ್ಟುವುದೇ ವಾಡಿಕೆಯಾಗಿತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಕೋಲ್ಟನ ರಿವಾಲ್ವರ್ ಮತ್ತು ಇಂಗ್ಲೆಂಡಿನ ರಾಬರ್ಟ್ ಆಡಮ್ಸನ ರಿವಾಲ್ವರ್ ಎದುರುಬದುರಾದವು. ಬ್ರಿಟಿಷ್ ಅಧಿಕಾರಿಗಳು ಪಿಸ್ತೂಲನ್ನು ತಮ್ಮ ಹಣದಿಂದಲೇ ಕೊಳ್ಳಬೇಕಿದ್ದುದರಿಂದ, ಯಾವುದನ್ನು ಆರಿಸುವುದು ಎಂಬ ಚರ್ಚೆ ಭಾರತದ ದಂಡುಗಳಲ್ಲೂ ನಡೆಯಿತು.

ಈ ಚರ್ಚೆಯ ತಿರುಳು ಗುಂಡಿನ ತೂಕದ್ದು. ಆಗ ನಳಿಗೆಯ ಅಳತೆಯನ್ನು ಬೋರ್ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಹೊಂದುವ ಎಷ್ಟು ದುಂಡನೆಯ ಗುಂಡುಗಳನ್ನು ಎರಕ ಹೊಯ್ಯಬಹುದೋ ಅದೇ ಬೋರ್. ಸಂಖ್ಯೆ ಕಡಿಮೆಯಾದಷ್ಟೂ ಗುಂಡು ದೊಡ್ಡದು. 12 ಬೋರ್ ಕೋವಿಯ ಗುಂಡು ಸುಮಾರು 38 ಗ್ರಾಂ ತೂಗಿದರೆ, ಆಡಮ್ಸನ 54 ಬೋರ್ ರಿವಾಲ್ವರಿನ ದುಂಡನೆಯ ಗುಂಡು 8 ಗ್ರಾಂ ಆಸುಪಾಸು, ಇನ್ನೂ ದೊಡ್ಡದಾದ 38 ಬೋರಿನದು 12 ಗ್ರಾಂ. ಕೋಲ್ಟ್ ನೇವಿ ಮಾದರಿಯ ಗುಂಡು 5 ಗ್ರಾಂ ಮಾತ್ರ. ಕೋಲ್ಟ್ ಆರು ಗುಂಡು ಹಿಡಿಯುತ್ತಿತ್ತು, ಗುರಿಗೆ ಹೆಸರಾಗಿತ್ತು. ಆದರೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕು. ಆಡಮ್ಸ್ ಐದೇ ಗುಂಡಿನದು, ಗುಂಡು ಭಾರವಾದದ್ದು, ಬಿಲ್ಲನ್ನು ಒತ್ತಿದರೆ ಸಾಕು. ಚಿಕ್ಕ ಗುಂಡು ದೇಹವನ್ನು ತೂರಿ ಹೋದರೂ ಎದುರಾಳಿ ನಿಲ್ಲುವುದಿಲ್ಲವೆಂಬ ದೂರು ಭಾರತದ ಕಾಳಗಗಳಿಂದ ಹೊರಟಾಗ ಅನೇಕರು ಭಾರದ ಗುಂಡಿನ ಕಡೆಗೇ ವಾಲಿದರು. ಹಾಗಿದ್ದರೂ ಬೇಟೆಯಲ್ಲಿ ರಿವಾಲ್ವರ್ ಎಂದೂ ಮೊದಲ ಆಯುಧವಾಗಲಿಲ್ಲ. ಕೋವಿಯ ಗುಂಡಿನ ಮೂರನೇ ಒಂದು ಭಾಗದಷ್ಟೂ ತೂಗದ ಗುಂಡಿನಿಂದ ದೂರದ ಚಿರತೆಯನ್ನು ಕೆಡವಲು ಆಗದು. ಅದು ಕೋವಿ ಬರಿದಾದ ಮೇಲಿನ ಆಸರೆ ಮಾತ್ರ.

ಇನ್ನೊಂದು ಮಾತೂ ಇತ್ತು. ಕೇಪಿನ ರಿವಾಲ್ವರಿಗೆ ಮದ್ದು ತುಂಬುವುದು ನಿಧಾನದ ಕೆಲಸವಾದ್ದರಿಂದ ಅದನ್ನು ಸದಾ ತುಂಬಿಯೇ ಇಡುತ್ತಿದ್ದರು. ತುಂಬಿದ ಆಯುಧ ತನ್ನ ಒಡೆಯನನ್ನಷ್ಟೇ ಕಾಯುವುದಿಲ್ಲ, ಯಾರ ಕೈಗೆ ಸಿಕ್ಕರೂ ಸಿಡಿಯುತ್ತದೆ.

ಬೇಡರ ನಾಡಿನಲ್ಲಿ

1841ರಲ್ಲಿ ಟೇಲರ್ ಸುರಪುರಕ್ಕೆ ನಿಯೋಜಿತನಾದ. ರಾಜಾ ಕೃಷ್ಣಪ್ಪ ನಾಯಕನ ನಂತರ ಸಂಸ್ಥಾನದ ಉತ್ತರಾಧಿಕಾರಿಯಾಗಿ ಉಳಿದವನು ಏಳೆಂಟು ವರ್ಷದ ಬಾಲಕ ವೆಂಕಟಪ್ಪ ನಾಯಕ. ನಿಜಾಮರಿಗೆ ಸಲ್ಲಬೇಕಾದ ಕಪ್ಪದ ಬಾಕಿ ಬೆಟ್ಟದಷ್ಟಿತ್ತು. ಅರಮನೆಯಲ್ಲಿ ಬಣಗಳಿದ್ದವು. ತಾಯಿ ರಾಣಿ ಈಶ್ವರಮ್ಮ ಅಧಿಕಾರವನ್ನು ಸುಲಭವಾಗಿ ಬಿಟ್ಟುಕೊಡುವ ಸ್ವಭಾವದವಳಲ್ಲ. ಊರ ತುಂಬ ಆಯುಧ ಹಿಡಿದ ಬೇಡರು.

ಬೇಡರಿಗೆ ಬೇಟೆ ವಿನೋದವಾಗಿರಲಿಲ್ಲ. ಅದು ಕುಲದ ಹೆಸರು, ಹೊಟ್ಟೆಪಾಡು, ಮಾನ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಮೊಘಲರ ಭಾರಿ ಸೈನ್ಯವನ್ನು ದಿನಗಟ್ಟಲೆ ತಡೆದು ನಿಲ್ಲಿಸಿದವರು ಇದೇ ಬೇಡ ಬಂದೂಕುಗಾರರು. ಅಂಥ ಜನರನ್ನು ಕೆಲವೇ ಕಾವಲುಗಾರರೊಡನೆ ಬಂದ ಸಾಹೇಬ ಬಲದಿಂದ ಆಳುವಂತಿರಲಿಲ್ಲ. ಲಿಂಗಸುಗೂರಿನ ದಂಡು ಸಮೀಪದಲ್ಲೇ ಇದೆಯೆಂಬ ಅರಿವು ಎಲ್ಲರಿಗೂ ಇತ್ತೆಂಬುದು ನಿಜ. ಆದರೆ ಆಡಳಿತ ನಡೆದದ್ದು ಬೇರೆ ಬಲದಿಂದ. ಟೇಲರ್ ಬೇಡ ನಾಯಕರೊಡನೆ ಮುಖಾಮುಖಿ ಕುಳಿತು ಮಾತನಾಡಿದ. ಅವರ ಹಕ್ಕುಗಳ ಲೆಕ್ಕ ಕೇಳಿದ. ಕಂದಾಯವನ್ನು ಕ್ರಮಕ್ಕೆ ತಂದ. ಭೂಮಿ ಸಾಗುವಳಿಗೆ ಉತ್ತೇಜನ ಕೊಟ್ಟ. ಸಾಲ ತೀರುತ್ತ ಬಂದಿತು.

ಬಾಲಕ ರಾಜನಿಗೆ ಇಂಗ್ಲಿಷ್ ಮತ್ತು ಆಡಳಿತದ ಪಾಠಗಳನ್ನು ಹೇಳಿಸಿದವನೂ ಟೇಲರನೇ. ತಂದೆಯಿಲ್ಲದ ಹುಡುಗ ಆತನನ್ನು ಅಪ್ಪಾ ಎಂದು ಕರೆಯುತ್ತಿದ್ದ. 1844ರಲ್ಲಿ ಟೇಲರ್ ಪತ್ನಿಯನ್ನು ಕಳೆದುಕೊಂಡ. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ. ಗುಡ್ಡದ ಮೇಲಿನ ಬಂಗಲೆಯಲ್ಲಿ ಒಂಟಿಯಾಗಿದ್ದ ಆ ಅಧಿಕಾರಿಗೆ ಆ ಕರೆ ಬರಿಯ ಉಪಚಾರದ ಮಾತಾಗಿರಲಾರದು. ಆ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದಲೇ ಸುರಪುರದಲ್ಲಿ ನಿಂತಿದೆ.

ಕೆರೆ, ಗೋರಿಗಲ್ಲು, ಕಾದಂಬರಿ

ಸುರಪುರದ ಸಮೀಪದ ಬೋನಾಳ ಕೆರೆಯನ್ನು ಟೇಲರ್ ಅಭಿವೃದ್ಧಿಪಡಿಸಿದ. ಬೇಟೆಗಾರರ ಕಾಲದ ಆ ಕೆರೆ ಇಂದು ಪಕ್ಷಿಧಾಮವಾಗಿ, ಚಳಿಗಾಲದಲ್ಲಿ ದೂರದೇಶದ ಬಾತುಗಳಿಗೆ ನೆಲೆ ಕೊಡುತ್ತಿದೆ. ರಸ್ತೆ, ಕಟ್ಟಡ, ಭೂಮಾಪನಗಳೂ ಆತನ ಕೈಯಿಂದಲೇ ನಡೆದವು. ಇವು ಯಾವುವನ್ನೂ ಆತ ಶಾಲೆಯಲ್ಲಿ ಕಲಿತಿರಲಿಲ್ಲ. ಪುಸ್ತಕ ಓದಿ, ಮಾಡಿ ನೋಡಿ ಕಲಿತದ್ದು.

ಕೋವಿ ಹಿಡಿದು ಅಲೆದ ಬಯಲಿನಲ್ಲಿಯೇ ಆತನ ಕಣ್ಣಿಗೆ ಇನ್ನೊಂದು ಲೋಕ ಬಿದ್ದಿತು. ರಾಜನ ಕೋಳೂರು, ಜೇವರ್ಗಿ ಮೊದಲಾದೆಡೆಗಳಲ್ಲಿ ಚಪ್ಪಡಿಗಲ್ಲಿನ ಗೋರಿಗಳನ್ನು, ಕಲ್ಲುವೃತ್ತಗಳನ್ನು ಗುರುತಿಸಿ, ಅಗೆದು, ಅಳೆದು, ಚಿತ್ರ ಬರೆದು ಆತ ಪ್ರಕಟಿಸಿದ ಲೇಖನಗಳು ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ಬುನಾದಿಯಾದವು. ಮುಂದೆ ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಯಲ್ಲಿ ಪ್ರಾಗೈತಿಹಾಸಿಕ ನೆಲೆಯನ್ನು ಕಂಡದ್ದು, 1915ರಲ್ಲಿ ಅದೇ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಶೋಕನ ಹೆಸರುಳ್ಳ ಶಾಸನವನ್ನು ಗುರುತಿಸಿದ್ದು, ಇವೆಲ್ಲ ಈ ನೆಲದ ಶೋಧದ ಮುಂದಿನ ಅಧ್ಯಾಯಗಳು. ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಯ ಜಲದುರ್ಗವೂ, ಕೃಷ್ಣಾತೀರದ ಬೇಡರೂ ಚಾಂದಬೀಬಿಯನ್ನು ಕುರಿತ ಆತನ ಕಾದಂಬರಿಯಲ್ಲಿ ಜೀವ ತಳೆದಿದ್ದಾರೆ.

ಬೇರ್ಪಟ್ಟ ದಾರಿಗಳು

1853ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ನಿಜಾಮರು ಕಂಟಿಂಜೆಂಟ್ ಪಡೆಯ ವೆಚ್ಚಕ್ಕಾಗಿ ಬೇರಾರ್, ನಳದುರ್ಗ ಸೀಮೆ ಹಾಗೂ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಳಗೊಂಡ ರಾಯಚೂರು ದೋಆಬ್ ಪ್ರದೇಶವನ್ನು ಕಂಪನಿಯ ವಶಕ್ಕೆ ಕೊಟ್ಟರು. ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕನಿಗೆ ಸಂಸ್ಥಾನದ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗದ ಡೆಪ್ಯುಟಿ ಕಮಿಷನರ್ ಆಗಿ ತೆರಳಿದ. ಕೆಲವೇ ವರ್ಷಗಳಲ್ಲಿ ಸುರಪುರದ ಖಜಾನೆ ಮತ್ತೆ ಬರಿದಾಯಿತೆಂದು ಆತ ಬರೆದಿದ್ದಾನೆ.

1857ರ ಸಂಗ್ರಾಮದ ಸಮಯದಲ್ಲಿ ಸರ್ಕಾರ ಆಯುಧಗಳ ಮೇಲೆ ಕಣ್ಣಿಟ್ಟಿತು. ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ಊರು ಸುಟ್ಟಿತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಸಾಹೇಬನಿಗೆ ಅಂಗಡಿಯಲ್ಲಿ ಆರಿಸಿಕೊಳ್ಳುವ ವಸ್ತುವಾಗಿದ್ದ ಕೋವಿ ಬೇಡನಿಗೆ ಪ್ರಾಣ ಕೊಟ್ಟು ಉಳಿಸಿಕೊಳ್ಳುವ ಮಾನವಾಗಿತ್ತು. ಇದೇ ದಿನಗಳಲ್ಲಿ ಬೇರಾರಿಗೆ ವರ್ಗವಾಗಿದ್ದ ಟೇಲರ್ ಸೈನ್ಯದ ಬೆಂಬಲವಿಲ್ಲದೆಯೇ ಅಲ್ಲಿ ಶಾಂತಿಯನ್ನು ಕಾಪಾಡಿದ.

ಸುರಪುರದಲ್ಲಿ ಆ ಶಾಂತಿ ಉಳಿಯಲಿಲ್ಲ. ನಾನಾಸಾಹೇಬನ ಕಡೆಯವರೊಡನೆ ವೆಂಕಟಪ್ಪ ನಾಯಕನಿಗೆ ಸಂಪರ್ಕವಿದೆಯೆಂಬ ಗುಮಾನಿ ಬ್ರಿಟಿಷರಿಗೆ ಬಂದಿತು. 1858ರ ಫೆಬ್ರವರಿ 7ರಂದು ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆ ಲಿಂಗಸುಗೂರಿನಿಂದ ಹೊರಟು ಸುರಪುರವನ್ನು ತಲುಪಿತು. ಆ ರಾತ್ರಿ ಬೇಡರು ಬಿಡಾರದ ಮೇಲೆ ಎರಗಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಮತ್ತಷ್ಟು ಪಡೆಗಳು ಬರುತ್ತಿರುವ ಸುದ್ದಿ ತಿಳಿದು ರಾಜ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದ. ಅಲ್ಲಿ ಸಾಲಾರ್‌ಜಂಗನ ಜನರ ಕೈಗೆ ಸಿಕ್ಕಿಬಿದ್ದ.

ಸೊಂಟಪಟ್ಟಿಯ ರಿವಾಲ್ವರ್

ಸೆರೆಮನೆಯಲ್ಲಿದ್ದ ರಾಜನನ್ನು ಟೇಲರ್ ಹೋಗಿ ಕಂಡ. ಸಂಚಿನಲ್ಲಿ ಯಾರಾರಿದ್ದರೆಂದು ತಿಳಿಸಿದರೆ ದಯೆ ದೊರೆಯಬಹುದೆಂಬ ಸೂಚನೆಗೆ ರಾಜ ಮಣಿಯಲಿಲ್ಲ. ಜೀವ ಉಳಿಸಿಕೊಳ್ಳಲು ಬೇರೆಯವರ ಹೆಸರು ಹೇಳುವುದು ಬೇಡನಿಗೆ ತಕ್ಕುದಲ್ಲವೆಂಬ ನಿಲುವು ಆತನದು. ಕಳ್ಳನಂತೆ ಗಲ್ಲಿಗೇರುವ ಬದಲು ತೋಪಿನ ಬಾಯಿಗೆ ಕಟ್ಟಿದರೂ ಸರಿಯೆಂದು ಆತ ಕೇಳಿಕೊಂಡನೆಂದು ಟೇಲರ್ ದಾಖಲಿಸಿದ್ದಾನೆ.

ಮರಣದಂಡನೆಯನ್ನು ರೆಸಿಡೆಂಟ್ ಕರಿನೀರಿನ ಶಿಕ್ಷೆಗೆ ಇಳಿಸಿದ. ಗವರ್ನರ್ ಜನರಲ್ ಅದನ್ನು ಇನ್ನೂ ತಗ್ಗಿಸಿ, ಮದ್ರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆವಾಸವೆಂದು ತೀರ್ಮಾನಿಸಿದ. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ದೊರೆಯುವ ಆಸೆಯೂ ಅದರಲ್ಲಿತ್ತು. ಆಗ ಸುರಪುರದ ಆಡಳಿತವನ್ನು ಮತ್ತೆ ವಹಿಸಿಕೊಂಡಿದ್ದ ಟೇಲರನಿಗೆ ಇದಕ್ಕಿಂತ ಸಂತಸದ ಸುದ್ದಿ ಬೇರಿರಲಿಲ್ಲ.

ಆ ಸಂತಸ ಬಹಳ ದಿನ ಬಾಳಲಿಲ್ಲ. ಚೆಂಗಲ್ಪಟ್ಟಿನ ಕಡೆಗೆ ಪ್ರಯಾಣ ಹೊರಟಿದ್ದಾಗ, ಕಾವಲಿನ ಅಧಿಕಾರಿ ತನ್ನ ಸೊಂಟಪಟ್ಟಿಯನ್ನು ಬಿಚ್ಚಿಟ್ಟು ಹೊರಗೆ ಹೋಗಿದ್ದ. ಪಟ್ಟಿಯಲ್ಲಿ ತುಂಬಿದ ರಿವಾಲ್ವರ್ ಇತ್ತು. ಗುಂಡಿನ ಸದ್ದು ಕೇಳಿ ಓಡಿಬಂದಾಗ ವೆಂಕಟಪ್ಪ ನಾಯಕನ ಪ್ರಾಣ ಹೋಗಿತ್ತು. ಆತ ತಾನೇ ಗುಂಡು ಹಾರಿಸಿಕೊಂಡನೆಂಬುದು ಬ್ರಿಟಿಷರ ದಾಖಲೆಯ, ಟೇಲರನ ಬರಹದ ವಿವರಣೆ. ನಾಡಿನ ಜನ ಮಾತ್ರ ಅಂದಿನಿಂದ ಇಂದಿನವರೆಗೆ ಆತನನ್ನು ಹುತಾತ್ಮನೆಂದೇ ಸ್ಮರಿಸುತ್ತಾರೆ.

ಟೇಲರನ ಪಾಲಿಗೆ ಇದರಲ್ಲಿ ಇನ್ನೊಂದು ಸಂಕಟವೂ ಇತ್ತು. ರಾಜ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜಾತಕ ನೋಡಿದವರು ಹೇಳಿದ್ದ ಮಾತನ್ನು ಆತ ವರ್ಷಗಳ ಕಾಲ ಗುಟ್ಟಾಗಿ ಕಾಪಾಡಿಕೊಂಡಿದ್ದ. ಆ ಮಾತನ್ನು ಆತ ನಂಬಿರಲಿಲ್ಲ. ಜಾತಕ ನಿಜವಾಯಿತೋ, ಕಾವಲಿನ ಅಜಾಗರೂಕತೆ ಅದನ್ನು ನಿಜ ಮಾಡಿತೋ, ಆತನ ಮಗನಂತಿದ್ದ ಹುಡುಗ ಉಳಿಯಲಿಲ್ಲ.

ಮುಗಿದ ಬೇಟೆ

ಆರೋಗ್ಯ ಕೆಟ್ಟು 1860ರಲ್ಲಿ ಟೇಲರ್ ಸ್ವದೇಶಕ್ಕೆ ಮರಳಿದ. ಅದೇ ವರ್ಷ ಬ್ರಿಟಿಷರು ರಾಯಚೂರು ದೋಆಬನ್ನು ಹಿಂದಿರುಗಿಸಿ, ಸುರಪುರವನ್ನೂ ನಿಜಾಮರಿಗೆ ಕೊಟ್ಟರು. ಬೇಡ ಅರಸರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಲಿಂಗಸುಗೂರು ನಿಜಾಮರ ಆಳ್ವಿಕೆಯಲ್ಲಿ ಕೆಲಕಾಲ ಜಿಲ್ಲಾ ಕೇಂದ್ರವಾಗಿ ಮೆರೆದು, 1905ರಲ್ಲಿ ಜಿಲ್ಲೆ ರದ್ದಾದ ನಂತರ ತಾಲ್ಲೂಕಾಗಿ ಉಳಿಯಿತು.

ನಿವೃತ್ತಿಯ ವರ್ಷಗಳಲ್ಲಿ ಟೇಲರ್ ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳನ್ನೂ ಭಾರತದ ಇತಿಹಾಸದ ಕೈಪಿಡಿಯನ್ನೂ ಬರೆದ. ಕಣ್ಣಿನ ದೃಷ್ಟಿ ಕುಂದಿತು. ಸಾಲಾರ್‌ಜಂಗನ ಆಹ್ವಾನದ ಮೇರೆಗೆ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದು, ಕಾಯಿಲೆ ಬಿದ್ದು ಹಿಂತಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ಆತ ಕಣ್ಣುಮುಚ್ಚಿದ. ಮರುವರ್ಷ ಮಗಳು ಆಲಿಸ್ ಆತನ ಆತ್ಮಕಥೆಯನ್ನು ಪ್ರಕಟಿಸಿದಳು. ಸುರಪುರದ ರಾಜನ ಕಥೆ ಅದರ ಬಹು ಮುಖ್ಯವಾದ ಭಾಗ.

ಬೇಟೆಗೆ ದೊಡ್ಡ ರಿವಾಲ್ವರ್ ಆರಿಸುವ ಚರ್ಚೆ ಲೋಕದಲ್ಲಿ ನಿಂತಿಲ್ಲ. 1955ರಲ್ಲಿ 44 ಮ್ಯಾಗ್ನಂ, 2003ರಲ್ಲಿ ಅದಕ್ಕಿಂತ ಎಷ್ಟೋ ಪ್ರಬಲವಾದ 500 ಮ್ಯಾಗ್ನಂ ಅಮೆರಿಕದ ಬೇಟೆಗಾರರ ಕೈಸೇರಿದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವಿನೋದದ ಬೇಟೆಗೆ ಕೊನೆ ಹಾಡಿತು. ಕೋವಿ ಹೊತ್ತು ಸಾಹೇಬರು ಅಲೆಯುತ್ತಿದ್ದ ಎರೆಬಯಲಿನಲ್ಲಿ ಕೃಷ್ಣಮೃಗವನ್ನು ಮುಟ್ಟುವುದು ಇಂದು ಶಿಕ್ಷಾರ್ಹ ಅಪರಾಧ.

ಟೇಲರ್ ಪರಕೀಯ ಆಳ್ವಿಕೆಯ ಕೈಯಾಳು ಎಂಬುದನ್ನು ಮರೆಯಲಾಗದು. ಆತ ಪ್ರೀತಿಸಿದ ರಾಜನನ್ನು ಸೆರೆಗೆ ತಳ್ಳಿದ್ದು ಆತನೇ ಸೇವೆ ಸಲ್ಲಿಸಿದ ವ್ಯವಸ್ಥೆ. ಆದರೂ ಆಯುಧಪಾಣಿಗಳಾದ ಜನರ ನಡುವೆ ಹನ್ನೆರಡು ವರ್ಷ ಆತನಿಗೆ ಆಸರೆಯಾದದ್ದು ಪಿಸ್ತೂಲಲ್ಲ, ಜನರೊಡನೆ ಕುಳಿತು ಮಾತನಾಡುವ ತಾಳ್ಮೆ. ಆ ತಾಳ್ಮೆ ಕಟ್ಟಿದ್ದನ್ನು ತುಂಬಿಟ್ಟ ಒಂದು ರಿವಾಲ್ವರ್ ಕ್ಷಣದಲ್ಲಿ ಕೆಡವಿತು. ಬೋನಾಳದ ಕೆರೆಯೂ ಗುಡ್ಡದ ಮೇಲಿನ ಬಂಗಲೆಯೂ ಉಳಿದಿವೆ. ವೆಂಕಟಪ್ಪ ನಾಯಕನ ಹೆಸರೂ ನಾಡಿನ ನಾಲಗೆಯ ಮೇಲೆ ಉಳಿದಿದೆ.